ಪ್ರಸಾರಾಂಗದಲ್ಲಿ ಪ್ರಸಾರ ಎಷ್ಟು?

ವಿಶ್ವವಿದ್ಯಾಲಯದಲ್ಲಿ ಪುಸ್ತಕಗಳನ್ನು ಪ್ರಕಟಿಸುವ ವಿಭಾಗವನ್ನು ಇಂಗ್ಲಿಷಿನವರು 'ಪ್ರೆಸ್' ಎನ್ನುತ್ತಾರೆ. ಅದು ಅಚ್ಚಿನ ಯಂತ್ರದಿಂದ ಬಂದ ಹೆಸರು. ಕನ್ನಡದಲ್ಲಿ ಅದೇ ವಿಭಾಗಕ್ಕೆ 'ಪ್ರಸಾರಾಂಗ' ಎಂಬ ಹೆಸರಿದೆ. ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ವಿಶ್ವವಿದ್ಯಾಲಯಕ್ಕೆ ಮೂರು ಅಂಗಗಳಿರಬೇಕೆಂದು ಕಲ್ಪಿಸಿದರು: ಸಂಶೋಧನಾಂಗ, ಬೋಧನಾಂಗ ಮತ್ತು ಪ್ರಸಾರಾಂಗ. ಹೊಸ ಜ್ಞಾನವನ್ನು ಹುಡುಕುವುದು ಮೊದಲನೆಯದರ ಕೆಲಸ, ತರಗತಿಯಲ್ಲಿ ಕಲಿಸುವುದು ಎರಡನೆಯದರ ಕೆಲಸ. ತರಗತಿಯ ಹೊಸಿಲು ದಾಟದ ಜನರಿಗೆ ಆ ಜ್ಞಾನವನ್ನು ಅವರ ಮಾತಿನಲ್ಲೇ ಮುಟ್ಟಿಸುವುದು ಮೂರನೆಯದರ ಕೆಲಸ. ಮೈಸೂರಿನ ನಂತರ ರಾಜ್ಯದ ಅನೇಕ ವಿಶ್ವವಿದ್ಯಾಲಯಗಳು ಈ ಹೆಸರನ್ನು ಸ್ವೀಕರಿಸಿವೆ.

ಹೆಸರನ್ನು ಸ್ವೀಕರಿಸಿದ ಮೇಲೆ ಅದರ ಹೊಣೆಯೂ ಬರುತ್ತದೆ. ಎಷ್ಟು ಪುಸ್ತಕ ಅಚ್ಚಾಯಿತು ಎಂಬುದು ಅಚ್ಚುಕೂಟದ ಲೆಕ್ಕ. ಎಷ್ಟು ಪುಸ್ತಕ, ಯಾರಿಗೆ, ಯಾವ ಸ್ಥಿತಿಯಲ್ಲಿ ತಲುಪಿತು ಎಂಬುದು ಪ್ರಸಾರಾಂಗದ ಲೆಕ್ಕ. ಎರಡನೆಯ ಲೆಕ್ಕವನ್ನು ವಿಜ್ಞಾನದ ಮಟ್ಟಿಗೆ ಹಾಕಿ ನೋಡುವುದು ಈ ಲೇಖನದ ಉದ್ದೇಶ. ಹಾಗೆ ನೋಡಲು ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆಯ ಸಾಣಾಪುರ ಒಳ್ಳೆಯ ನೆಲೆ. ಈ ಊರು ತುಂಗಭದ್ರೆಯ ಎಡದಂಡೆಯಲ್ಲಿ, ಆನೆಗೊಂದಿಯ ಬಂಡೆಗುಡ್ಡಗಳ ನಡುವೆ ಇದೆ. ಹೊಳೆಯ ಆಚೆ ದಡದಲ್ಲಿ, ಕಮಲಾಪುರದ ಬಳಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಅದರ ಆವರಣದ ಹೆಸರು 'ವಿದ್ಯಾರಣ್ಯ'. ಕನ್ನಡಕ್ಕಾಗಿಯೇ 1991ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಪ್ರಸಾರಾಂಗಕ್ಕೆ ಇಷ್ಟು ಸಮೀಪದ ಊರಿನಲ್ಲಿ ಒಬ್ಬ ವಿಜ್ಞಾನ ಶಿಕ್ಷಕ ಏನನ್ನು ನಿರೀಕ್ಷಿಸಬಹುದು?

ಉಪನ್ಯಾಸದಿಂದ ಹುಟ್ಟಿದ ಪುಸ್ತಕ

ನಮ್ಮಲ್ಲಿ ವಿಶ್ವವಿದ್ಯಾಲಯದ ಪ್ರಕಟಣೆಯ ಬೇರು ಉಪನ್ಯಾಸದಲ್ಲಿದೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯವು 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳನ್ನು ಆರಂಭಿಸಿತು. ಅಧ್ಯಾಪಕರು ಊರೂರಿಗೆ ಹೋಗಿ ತಮ್ಮ ವಿಷಯವನ್ನು ಕನ್ನಡದಲ್ಲಿ ಹೇಳಬೇಕು. ಹಾಗೆ ಹೇಳಿದ್ದು ಆಮೇಲೆ ಆಣೆಗಳ ಬೆಲೆಯ ಕಿರುಹೊತ್ತಗೆಯಾಗಿ ಬರುತ್ತಿತ್ತು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಇದೇ ಮಾದರಿಯನ್ನು ಅನುಸರಿಸಿತು. ಈ ಕ್ರಮದಲ್ಲಿ ಒಂದು ಗುಣವಿತ್ತು. ಲೇಖಕನು ಬರೆಯುವ ಮೊದಲು ಕೇಳುಗರ ಮುಖ ನೋಡಿರುತ್ತಿದ್ದ. ಯಾವ ಮಾತು ಅವರಿಗೆ ಹಿಡಿಸಿತು, ಯಾವ ಪಾರಿಭಾಷಿಕ ಪದ ಎಡವಿಸಿತು ಎಂಬುದು ಅಚ್ಚಿಗೆ ಹೋಗುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು.

ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಹಂಬಲ ಇದಕ್ಕಿಂತ ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ ಅವರು 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿ ಎರಡು ವರ್ಷ ನಡೆಸಿದರು. ಅದು ನಿಂತಿತು. ನಿಂತದ್ದಕ್ಕೆ ಲೇಖಕರ ಕೊರತೆಗಿಂತ ಬೆಂಬಲದ ಕೊರತೆಯನ್ನು ಹೊಣೆ ಮಾಡಬೇಕು. ವ್ಯಕ್ತಿಗಳ ಉತ್ಸಾಹ ಎರಡು ವರ್ಷ ಉರಿದು ಆರಬಹುದು, ಸಂಸ್ಥೆಯ ದೀಪಕ್ಕೆ ಎಣ್ಣೆ ಹಾಕುವವರು ಬದಲಾಗುತ್ತ ಇರಬಹುದು. ವಿಶ್ವವಿದ್ಯಾಲಯದಂಥ ಸಂಸ್ಥೆ ಪ್ರಕಟಣೆಗೆ ಇಳಿಯಬೇಕಾದ ಕಾರಣವೇ ಇದು. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಹೊರಬಂತು. ಅದರ ಹಿಂದೆ ಹಲವು ವಿದ್ವಾಂಸರ ಹಲವು ವರ್ಷಗಳ ದುಡಿಮೆಯಿತ್ತು. ಅದೇ ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂದರೆ 14ನೆಯ ಸಂಪುಟ 2004ರಲ್ಲಿ ಬಂತು. ಜಿ.ಟಿ. ನಾರಾಯಣರಾವ್ ಅವರಂಥ ಗಣಿತದ ಅಧ್ಯಾಪಕರು ಅದರ ವಿಜ್ಞಾನ ವಿಭಾಗದ ಸಂಪಾದಕರಾಗಿ ದುಡಿದರು. 35 ವರ್ಷ ಕಾಯುವ ತಾಳ್ಮೆ ಯಾವ ಖಾಸಗಿ ಪ್ರಕಾಶಕನಿಗೂ ಇರಲಾರದು, ಇರಬೇಕೆಂದು ಕೇಳುವುದೂ ನ್ಯಾಯವಲ್ಲ.

ಈ 35 ವರ್ಷಗಳಲ್ಲೇ ಒಂದು ಎಚ್ಚರಿಕೆಯೂ ಇದೆ. ಮೊದಲ ಸಂಪುಟ ಹೊರಬಂದ ವರ್ಷವೇ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಕೊನೆಯ ಸಂಪುಟ ಬಂದ ಎರಡು ವರ್ಷಕ್ಕೆ, 2006ರಲ್ಲಿ, ಪ್ಲೂಟೊ ಗ್ರಹಗಳ ಪಟ್ಟಿಯಿಂದ ಹೊರಬಿತ್ತು. 2016ರಲ್ಲಿ ನಾಲ್ಕು ಹೊಸ ಧಾತುಗಳಿಗೆ ಹೆಸರಿಟ್ಟು ಆವರ್ತ ಕೋಷ್ಟಕದ ಏಳನೆಯ ಸಾಲು ತುಂಬಿತು. 2019ರಲ್ಲಿ ಕಿಲೋಗ್ರಾಂನ ವ್ಯಾಖ್ಯೆ ಪ್ಯಾರಿಸ್ ಬಳಿಯ ಲೋಹದ ತುಂಡನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕಕ್ಕೆ ಬಂತು. ಶಾಸನದ ಪಾಠ ಒಮ್ಮೆ ಸರಿಯಾಗಿ ಅಚ್ಚಾದರೆ ನೂರು ವರ್ಷ ಬಾಳುತ್ತದೆ. ವಿಜ್ಞಾನದ ಪುಸ್ತಕ ಅಚ್ಚಾದ ದಿನದಿಂದಲೇ ಹಳೆಯದಾಗತೊಡಗುತ್ತದೆ. ಆದ್ದರಿಂದ ವಿಜ್ಞಾನ ಪ್ರಕಟಣೆಯ ಮುಖ್ಯ ಪ್ರಶ್ನೆ ಎರಡನೆಯ ಮುದ್ರಣದ್ದು. ಮರುಮುದ್ರಣ ಬೇರೆ, ಪರಿಷ್ಕೃತ ಆವೃತ್ತಿ ಬೇರೆ. ಮೊದಲನೆಯದಕ್ಕೆ ಕಾಗದ ಸಾಕು, ಎರಡನೆಯದಕ್ಕೆ ಸಂಪಾದಕ ಬೇಕು.

ಸಂಪಾದಕ ಎಂಬ ಕಾಣದ ಕೈ

ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಪುಸ್ತಕ ಅಚ್ಚುಹಾಕುವ ಹಕ್ಕು 8ನೆಯ ಹೆನ್ರಿ ದೊರೆಯಿಂದ ಸಿಕ್ಕಿದ್ದು 1534ರಲ್ಲಿ. ಅದರ ಮೊದಲ ಪುಸ್ತಕ ಅಚ್ಚಾದದ್ದು 1584ರಲ್ಲಿ. ಹಕ್ಕುಪತ್ರ ಕೈಗೆ ಬಂದ ಮಾತ್ರಕ್ಕೆ ಪ್ರಕಟಣೆ ನಡೆಯುವುದಿಲ್ಲ ಎಂಬುದಕ್ಕೆ ಈ 50 ವರ್ಷಗಳೇ ಸಾಕ್ಷಿ. ಅಲ್ಲಿ ಯಾವ ಪುಸ್ತಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬರಬೇಕೆಂಬುದನ್ನು 'ಸಿಂಡಿಕ್ಸ್' ಎಂಬ ವಿದ್ವಾಂಸರ ಮಂಡಳಿ ತೀರ್ಮಾನಿಸುವ ಪದ್ಧತಿ ಬೆಳೆಯಿತು. ಆಕ್ಸ್‌ಫರ್ಡ್‌ನಲ್ಲಿ ಇಂಥದೇ ಮಂಡಳಿಗೆ 'ಡೆಲಿಗೇಟ್ಸ್' ಎಂಬ ಹೆಸರು. ಬಂದ ಹಸ್ತಪ್ರತಿಯನ್ನು ಆ ವಿಷಯ ಬಲ್ಲ ಹೊರಗಿನ ತಜ್ಞರು ಓದಿ ಅಭಿಪ್ರಾಯ ಕೊಡುತ್ತಾರೆ. ಮಂಡಳಿ ಅದನ್ನು ನೋಡಿ ಒಪ್ಪುತ್ತದೆ ಅಥವಾ ಹಿಂದಿರುಗಿಸುತ್ತದೆ. ವಿಶ್ವವಿದ್ಯಾಲಯದ ಮುದ್ರೆಗೆ ಬೆಲೆ ಬರುವುದು ಈ ಹಿಂದಿರುಗಿಸುವ ಧೈರ್ಯದಿಂದ.

ನ್ಯೂಟನ್ನರ 'ಪ್ರಿನ್ಸಿಪಿಯ'ದ ಕಥೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರಬೇಕಾದದ್ದು. 1687ರಲ್ಲಿ ಅದರ ಮೊದಲ ಆವೃತ್ತಿ ರಾಯಲ್ ಸೊಸೈಟಿಯ ಒಪ್ಪಿಗೆಯೊಂದಿಗೆ ಬಂತು. ಆ ಸಂಸ್ಥೆ ಹಿಂದಿನ ವರ್ಷ ಮೀನುಗಳ ಕುರಿತ ಒಂದು ಭಾರಿ ಸಚಿತ್ರ ಗ್ರಂಥಕ್ಕೆ ಹಣ ಸುರಿದು ಕೈ ಖಾಲಿ ಮಾಡಿಕೊಂಡಿತ್ತು. ಹಾಗಾಗಿ ಅಚ್ಚಿನ ಖರ್ಚನ್ನು ಎಡ್ಮಂಡ್ ಹ್ಯಾಲಿ ತಾವೇ ಹೊತ್ತರು. ಎರಡನೆಯ ಆವೃತ್ತಿ 1713ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚಾಯಿತು. ರೋಜರ್ ಕೋಟ್ಸ್ ಎಂಬ ತರುಣ ಪ್ರಾಧ್ಯಾಪಕರು ಸುಮಾರು ನಾಲ್ಕು ವರ್ಷ ಕುಳಿತು ಅದರ ಒಂದೊಂದು ಪ್ರಮೇಯವನ್ನೂ ಪರೀಕ್ಷಿಸಿ, ತಪ್ಪುಗಳನ್ನು ಪತ್ರ ಬರೆದು ನ್ಯೂಟನ್ನರ ಗಮನಕ್ಕೆ ತಂದು ತಿದ್ದಿಸಿದರು. ನ್ಯೂಟನ್ನರಿಗೇ ಸಂಪಾದಕ ಬೇಕಾಗಿದ್ದರೆ ಉಳಿದವರ ಮಾತೇನು?

ನಮ್ಮ ಪ್ರಸಾರಾಂಗಗಳ ರಚನೆಯಲ್ಲಿ ಅತ್ಯಂತ ದುರ್ಬಲವಾದ ಜಾಗ ಇದೇ. ಬಹುಮಟ್ಟಿಗೆ ಒಬ್ಬ ಪ್ರಾಧ್ಯಾಪಕರು ತಮ್ಮ ಬೋಧನೆ, ಮಾರ್ಗದರ್ಶನಗಳ ಜೊತೆಗೆ ಹೆಚ್ಚುವರಿ ಹೊಣೆಯಾಗಿ ನಿರ್ದೇಶಕರಾಗುತ್ತಾರೆ. ಕೆಲಸದ ಒಳಹೊರಗು ತಿಳಿಯುವ ಹೊತ್ತಿಗೆ ಅವಧಿ ಮುಗಿಯುತ್ತದೆ. ಪುಟವಿನ್ಯಾಸಕ್ಕೆ, ಮುಖಪುಟಕ್ಕೆ, ಮಾರಾಟಕ್ಕೆ ಜನ ಇರುತ್ತಾರೆ. ವಿಷಯ ತಿಳಿದು ವಾಕ್ಯ ತಿದ್ದುವ ಪೂರ್ಣಾವಧಿ ಸಂಪಾದಕನ ಹುದ್ದೆ ವಿರಳ. ಪರಿಣಾಮವಾಗಿ ಕರಡಚ್ಚು ತಿದ್ದುವುದನ್ನೇ ಸಂಪಾದನೆ ಎಂದು ತಿಳಿಯುವ ರೂಢಿ ಬೆಳೆದಿದೆ. ಕಾಗುಣಿತ ಸರಿಯಿದ್ದರೆ ಪುಸ್ತಕ ಸರಿಯಿದೆ ಎಂದು ಭಾವಿಸಲಾಗುತ್ತದೆ.

ಸಂಪಾದಕನಿಲ್ಲದ ವಿಜ್ಞಾನ ಪುಸ್ತಕದಲ್ಲಿ ಮೊದಲು ಕೆಡುವುದು ಪಾರಿಭಾಷಿಕ ಪದ. ಪಠ್ಯಪುಸ್ತಕದಲ್ಲಿ 'ಪರಮಾಣು' ಬೇರೆ, 'ಅಣು' ಬೇರೆ. ಎರಡು ಅಥವಾ ಹೆಚ್ಚು ಪರಮಾಣುಗಳು ಸೇರಿದರೆ ಅಣು. ಪತ್ರಿಕೆ ತೆರೆದರೆ 'ಅಣುಬಾಂಬ್', 'ಅಣುವಿದ್ಯುತ್'. ಬಾಂಬಿನಲ್ಲಿ ಒಡೆಯುವುದು ಪರಮಾಣುವಿನ ಬೀಜ ಎಂದು ಪಾಠ ಮಾಡಿದ ಶಿಕ್ಷಕ ಮರುಕ್ಷಣವೇ ಆ ಪದಕ್ಕೆ ಸಮಜಾಯಿಷಿ ಕೊಡಬೇಕಾಗುತ್ತದೆ. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಪದಗಳು ಮಾತಿನಲ್ಲಿ ಹೆಚ್ಚುಕಡಿಮೆ ಒಂದೇ. ಭೌತವಿಜ್ಞಾನದಲ್ಲಿ ಅವುಗಳ ಮಾನಗಳೇ ಬೇರೆ: ನ್ಯೂಟನ್, ಜೌಲ್, ವಾಟ್. ಜವ ಮತ್ತು ವೇಗ, ರಾಶಿ ಮತ್ತು ತೂಕ ಇವುಗಳ ಪಾಡೂ ಅಷ್ಟೇ. ಒಂದೇ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಒಂದು ಪದ, ಏಳನೆಯದರಲ್ಲಿ ಇನ್ನೊಂದು ಪದ ಬಂದರೆ ವಿದ್ಯಾರ್ಥಿ ಅವು ಎರಡು ಬೇರೆ ವಸ್ತುಗಳೆಂದೇ ತಿಳಿಯುತ್ತಾನೆ. ಇಂಥದನ್ನು ಹಿಡಿಯಲು ಪದಪಟ್ಟಿ ಬೇಕು, ಪುಸ್ತಕದ ಕೊನೆಗೆ ಪದಸೂಚಿ ಬೇಕು. ಕನ್ನಡದ ಎಷ್ಟು ವಿಜ್ಞಾನ ಪುಸ್ತಕಗಳ ಕೊನೆಯಲ್ಲಿ ಪದಸೂಚಿ ಇದೆ ಎಂದು ಓದುಗರು ತಮ್ಮ ಶಾಲೆಯ ಗ್ರಂಥಾಲಯದಲ್ಲಿ ಒಮ್ಮೆ ಎಣಿಸಿ ನೋಡಲಿ.

ವಿದ್ಯಾರಣ್ಯದ ಸಾಧನೆ, ವಿದ್ಯಾರಣ್ಯದ ಮಿತಿ

ಹಂಪಿಯ ಪ್ರಸಾರಾಂಗದ ಸಾಧನೆಯನ್ನು ಮೊದಲು ಹೇಳಬೇಕು. ಮೂರು ದಶಕಗಳಲ್ಲಿ ಅದು ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಹೊರತಂದಿದೆ. ಬಳ್ಳಾರಿ, ಕೊಪ್ಪಳ ಮೊದಲಾದ ಜಿಲ್ಲೆಗಳ ಶಾಸನಗಳನ್ನು ಸಂಪುಟಗಳಾಗಿ ಪ್ರಕಟಿಸಿದೆ. ಬುಡಕಟ್ಟುಗಳು, ಜನಪದ ಕಾವ್ಯಗಳು, ಸ್ಥಳೀಯ ಚರಿತ್ರೆ ಇವುಗಳ ಬಗ್ಗೆ ಅದು ಪ್ರಕಟಿಸಿದಷ್ಟು ಸಾಮಗ್ರಿಯನ್ನು ಬೇರೆ ಯಾರೂ ಪ್ರಕಟಿಸಲು ಮುಂದೆ ಬರುತ್ತಿರಲಿಲ್ಲ. ಮೊದಲ ಕುಲಪತಿ ಚಂದ್ರಶೇಖರ ಕಂಬಾರ, ಆಮೇಲೆ ಬಂದ ಎಂ.ಎಂ. ಕಲಬುರ್ಗಿ ಮೊದಲಾದವರು ಪ್ರಕಟಣೆಯನ್ನು ವಿಶ್ವವಿದ್ಯಾಲಯದ ನಡುಮನೆಯಲ್ಲೇ ಇಟ್ಟರು. 'ಚರಿತ್ರೆ ಅಧ್ಯಯನ', 'ಜಾನಪದ ಕರ್ನಾಟಕ', 'ಮಹಿಳಾ ಅಧ್ಯಯನ', 'ಪುಸ್ತಕ ಮಾಹಿತಿ' ಮುಂತಾದ ನಿಯತಕಾಲಿಕೆಗಳು ಅಲ್ಲಿಂದ ಬಂದವು. 'ವಿಜ್ಞಾನ ಸಂಗಾತಿ' ಎಂಬ ವಿಜ್ಞಾನ ಮಾಸಪತ್ರಿಕೆಯನ್ನೂ ಅದು ಹೊರತಂದಿತು. ಭಾಷೆ, ಸಂಸ್ಕೃತಿಗಳಿಗೆ ಮೀಸಲೆಂದು ಹೊರಗಿನವರು ತಿಳಿಯುವ ವಿಶ್ವವಿದ್ಯಾಲಯವೊಂದು ವಿಜ್ಞಾನ ಪತ್ರಿಕೆಗೆ ಕೈಹಾಕಿದ್ದು ಸಣ್ಣ ಮಾತಲ್ಲ.

ಆದರೆ ಪಟ್ಟಿಯನ್ನು ವಿಷಯವಾರು ವಿಂಗಡಿಸಿದರೆ ವಿಜ್ಞಾನದ ಪಾಲು ತೆಳ್ಳಗಾಗುತ್ತದೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆ ವಿಶ್ವವಿದ್ಯಾಲಯದ ನಿಕಾಯಗಳು ಮೂರು: ಭಾಷೆ, ಸಮಾಜ ವಿಜ್ಞಾನ, ಲಲಿತಕಲೆ. ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನಗಳ ವಿಭಾಗಗಳಿಲ್ಲ. ವಿಶ್ವವಿದ್ಯಾಲಯದ ಪ್ರಕಟಣಾಲಯಕ್ಕೆ ಹಸ್ತಪ್ರತಿಗಳು ಹೆಚ್ಚಾಗಿ ತನ್ನ ವಿಭಾಗಗಳಿಂದಲೇ ಬರುತ್ತವೆ. ಅಧ್ಯಯನಾಂಗದಲ್ಲಿ ಇಲ್ಲದ್ದು ಪ್ರಸಾರಾಂಗದಲ್ಲಿ ತಾನಾಗಿ ಬರಲಾರದು. ಇನ್ನೊಂದು ಕಡೆ, ವಿಜ್ಞಾನ ವಿಭಾಗಗಳು ತುಂಬಿರುವ ಬೇರೆ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ಬಡ್ತಿಗೆ ಇಂಗ್ಲಿಷ್ ನಿಯತಕಾಲಿಕೆಯ ಲೇಖನಕ್ಕೆ ಬೆಲೆಯಿದೆ, ಕನ್ನಡ ಪುಸ್ತಕಕ್ಕೆ ಅಷ್ಟು ಬೆಲೆಯಿಲ್ಲ. ಕನ್ನಡ ಇರುವಲ್ಲಿ ವಿಜ್ಞಾನ ವಿಭಾಗವಿಲ್ಲ, ವಿಜ್ಞಾನ ಇರುವಲ್ಲಿ ಕನ್ನಡದಲ್ಲಿ ಬರೆಯುವುದಕ್ಕೆ ಪ್ರೋತ್ಸಾಹವಿಲ್ಲ. ಕೊರತೆಯ ಮೂಲ ಸಂಘಟನೆಯಲ್ಲಿದೆ. ಅದನ್ನು ಒಬ್ಬ ನಿರ್ದೇಶಕರ ತಲೆಗೆ ಕಟ್ಟುವುದು ಸುಲಭ, ಆದರೆ ನಿಷ್ಪ್ರಯೋಜಕ.

ಕಾಣೆಯಾದ ನಡುಮೆಟ್ಟಿಲು

ಕನ್ನಡ ವಿಜ್ಞಾನ ಸಾಹಿತ್ಯದ ಏಣಿಯಲ್ಲಿ ಕೆಳಗಿನ ಮೆಟ್ಟಿಲುಗಳು ಗಟ್ಟಿಯಾಗಿವೆ. ಶಾಲಾ ಪಠ್ಯಗಳಿವೆ. ವಿಜ್ಞಾನ ಪರಿಷತ್ತಿನ ಪುಸ್ತಿಕೆಗಳು, ನವಕರ್ನಾಟಕದಂಥ ಪ್ರಕಾಶನಗಳ ಜನಪ್ರಿಯ ಪುಸ್ತಕಗಳು, ಪತ್ರಿಕೆಗಳ ಅಂಕಣಗಳು ಇವೆ. ಏಣಿಯ ತುದಿಯಲ್ಲಿ ಇಂಗ್ಲಿಷಿನ ಸಂಶೋಧನಾ ಲೇಖನಗಳಿವೆ. ಪದವಿ ಮಟ್ಟದ ಗಂಭೀರ ಪುಸ್ತಕ ಎಂಬ ನಡುಮೆಟ್ಟಿಲು ಮಾತ್ರ ಕಾಣೆಯಾಗಿದೆ. ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಗ್ರಾಮೀಣ ವಿದ್ಯಾರ್ಥಿ ಕಾಲಿಡಲು ಹೋಗಿ ಜಾರುವುದು ಇಲ್ಲಿಯೇ.

ಈ ಮೆಟ್ಟಿಲನ್ನು ಕಟ್ಟುವ ಪ್ರಯತ್ನ ಒಮ್ಮೆ ನಡೆದಿತ್ತು. 1968–69ರಲ್ಲಿ ಕೇಂದ್ರ ಸರ್ಕಾರವು ಪ್ರಾದೇಶಿಕ ಭಾಷೆಗಳಲ್ಲಿ ವಿಶ್ವವಿದ್ಯಾಲಯ ಮಟ್ಟದ ಪುಸ್ತಕಗಳನ್ನು ತಯಾರಿಸಲು ರಾಜ್ಯವೊಂದಕ್ಕೆ 1 ಕೋಟಿ ರೂಪಾಯಿಯಂತೆ ನೆರವು ನೀಡುವ ಯೋಜನೆ ಹಾಕಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಪಠ್ಯಪುಸ್ತಕ ನಿರ್ದೇಶನಾಲಯ ಕೆಲಸ ಮಾಡಿತು. ಭೌತವಿಜ್ಞಾನದಿಂದ ಪ್ರಾಣಿವಿಜ್ಞಾನದವರೆಗೆ ಅನೇಕ ಪುಸ್ತಕಗಳು ಬಂದವು. ಪದಗಳನ್ನು ಟಂಕಿಸಲಾಯಿತು, ಚಿತ್ರಗಳನ್ನು ಬರೆಸಲಾಯಿತು. ಆದರೆ ತರಗತಿಯ ಬೋಧನೆ ಇಂಗ್ಲಿಷಿನಲ್ಲೇ ಉಳಿಯಿತು. ಓದುವವರು ಕಡಿಮೆಯಾದ್ದರಿಂದ ಎರಡನೆಯ ಆವೃತ್ತಿಗೆ ಬೇಡಿಕೆ ಹುಟ್ಟಲಿಲ್ಲ, ಪರಿಷ್ಕರಣೆಯಿಲ್ಲದ್ದರಿಂದ ಪುಸ್ತಕಗಳು ಹಳೆಯವಾದವು, ಹಳೆಯವಾದ್ದರಿಂದ ಓದುವವರು ಇನ್ನೂ ಕಡಿಮೆಯಾದರು. ಈ ಸುತ್ತು ಸುಲಭವಾಗಿ ಬಿಡಿಸಿಕೊಳ್ಳುವಂಥದಲ್ಲ. ಮೂರು ಅಂಗಗಳು ಒಂದೇ ದೇಹದವು ಎಂಬ ಕುವೆಂಪು ಅವರ ಕಲ್ಪನೆಯ ಸತ್ಯ ಇಲ್ಲಿ ಎದ್ದು ಕಾಣುತ್ತದೆ. ಬೋಧನಾಂಗವು ಒಂದು ದಿಕ್ಕಿಗೆ ನಡೆದರೆ ಪ್ರಸಾರಾಂಗವೊಂದೇ ಇನ್ನೊಂದು ದಿಕ್ಕಿಗೆ ನಡೆಯಲಾರದು.

ಸಾಣಾಪುರದ ಮೂರು ಪ್ರಶ್ನೆಗಳು

ಮತ್ತೆ ಸಾಣಾಪುರಕ್ಕೆ ಬರೋಣ. ವಿಜ್ಞಾನದ ಪುಸ್ತಕಕ್ಕೆ ವಸ್ತು ಬೇಕೆಂದು ಇಲ್ಲಿ ಯಾರೂ ಅಲೆಯಬೇಕಿಲ್ಲ. ಮೊದಲನೆಯದು ಬಂಡೆ. ಹಂಪಿ, ಆನೆಗೊಂದಿ, ಸಾಣಾಪುರಗಳ ಗುಡ್ಡಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಅವನ್ನು ಯಾರೂ ತಂದು ಪೇರಿಸಿದ್ದಲ್ಲ. ಬಂಡೆಯ ಬಿರುಕುಗಳಲ್ಲಿ ನೀರು ಇಳಿದು, ಮೂಲೆಗಳು ಮೊದಲು ಕರಗಿ, ಈರುಳ್ಳಿ ಸುಲಿದಂತೆ ಪದರ ಪದರವಾಗಿ ಕಳಚಿ, ಮಣ್ಣು ಕೊಚ್ಚಿಹೋದ ಮೇಲೆ ಉಳಿದ ಗುಂಡುಗಳವು. ಇಲ್ಲಿನ ಮಕ್ಕಳು ಈ ಬಂಡೆಗಳ ಕೆಳಗೇ ಆಡಿ ಬೆಳೆಯುತ್ತಾರೆ. ಪ್ರವಾಸಿಗರ ಕೈಪಿಡಿಯಲ್ಲಿ ಅವುಗಳ ಚಿತ್ರ ಸಿಗುತ್ತದೆ, ಕಿಷ್ಕಿಂಧೆಯ ಕಥೆ ಸಿಗುತ್ತದೆ. ಅವುಗಳ ಭೂವಿಜ್ಞಾನವೂ ಹಾಗೆಯೇ ಶಾಲೆಯ ಕಪಾಟಿನಲ್ಲಿ ಕೈಗೆ ಸಿಗಬೇಕು.

ಎರಡನೆಯದು ಮಣ್ಣು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಈ ಸೀಮೆ ಭತ್ತದ ಕಣಜವಾಯಿತು. ಜೊತೆಗೆ ಕಾಲುವೆಯ ಕೆಳಗಿನ ತಗ್ಗು ಹೊಲಗಳಲ್ಲಿ ನೀರು ನಿಂತು, ಉಪ್ಪು ಮೇಲೆದ್ದು, ಸವಳು–ಜವಳಿನ ಸಮಸ್ಯೆ ಹುಟ್ಟಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದೇ ಸವಳು ಮಣ್ಣಿನ ನಿರ್ವಹಣೆಯ ಕುರಿತ ಅಖಿಲ ಭಾರತ ಸಮನ್ವಯ ಯೋಜನೆಯ ಘಟಕವಿದೆ. ಈಗ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕೇಂದ್ರ ನೆಲದಡಿಯ ಬಸಿಗಾಲುವೆಗಳ ಬಗ್ಗೆ ಪ್ರಯೋಗ ಮಾಡಿದೆ, 'ಗಂಗಾವತಿ ಸೋನಾ' ಎಂಬ ಭತ್ತದ ತಳಿಯನ್ನು ಕೊಟ್ಟಿದೆ. ರೈತನಿಗೆ ಬೇಕಾದ 'ಏನು ಮಾಡಬೇಕು' ಎಂಬ ಕರಪತ್ರ ಸಿಗುತ್ತದೆ. 'ಏಕೆ ಹಾಗೆ' ಎಂದು ಕೇಳುವ ಪದವಿ ವಿದ್ಯಾರ್ಥಿಗೆ ಬೇಕಾದದ್ದು ಕ್ಷಾರತೆ, ಲವಣತೆ, ಸೋಡಿಯಂ ಅಯಾನು ಮಣ್ಣಿನ ಕಣಗಳನ್ನು ಬಿಡಿಬಿಡಿಯಾಗಿಸುವ ಬಗೆ ಇವನ್ನೆಲ್ಲ ಈ ಊರಿನ ಹೊಲದ ಉದಾಹರಣೆಯೊಂದಿಗೆ ವಿವರಿಸುವ ನೂರು ಪುಟದ ಪುಸ್ತಕ.

ಮೂರನೆಯದು ನೀರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿ ನೀರನ್ನು ತಡೆದರು. ಆ ದಿನಗಳಲ್ಲಿ ಹೊಳೆಸಾಲಿನ ಪ್ರತಿಯೊಂದು ಊರಿನಲ್ಲೂ ಮಾತು ಗೇಟಿನದೇ. ಭೌತವಿಜ್ಞಾನದ ಶಿಕ್ಷಕನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಗೇಟಿನ ಅಳತೆ 60 ಅಡಿ ಅಗಲ, 20 ಅಡಿ ಎತ್ತರ. ಅಂದರೆ ಸುಮಾರು 18.3 ಮೀಟರ್ ಮತ್ತು 6.1 ಮೀಟರ್. ನೀರು ಗೇಟಿನ ಮೇಲಂಚಿನವರೆಗೆ ನಿಂತಿದೆ ಎಂದುಕೊಳ್ಳೋಣ. ಒತ್ತಡ ಮೇಲಂಚಿನಲ್ಲಿ ಸೊನ್ನೆ, ಕೆಳಗೆ ಹೋದಂತೆ ಹೆಚ್ಚುತ್ತದೆ. ಸರಾಸರಿ ಒತ್ತಡ ಎಂದರೆ ನಡುವಿನ ಆಳದ, ಅಂದರೆ 3.05 ಮೀಟರ್ ಆಳದ ಒತ್ತಡ: 1000 × 9.8 × 3.05 = 29,890 ಪಾಸ್ಕಲ್. ಗೇಟಿನ ವಿಸ್ತೀರ್ಣ ಸುಮಾರು 111.6 ಚದರ ಮೀಟರ್. ಗುಣಿಸಿದರೆ ಒಟ್ಟು ಬಲ ಸುಮಾರು 33 ಲಕ್ಷ ನ್ಯೂಟನ್. ಇದು ಸುಮಾರು 340 ಟನ್ ತೂಕಕ್ಕೆ ಸಮ. ಒಂದು ಪುಟದ ಈ ಲೆಕ್ಕಕ್ಕೆ ಒಂಬತ್ತನೆಯ ತರಗತಿಯ ಗಣಿತ ಸಾಕು. ಇಂಥ ಹತ್ತು ಪುಟಗಳು, ಗೇಟು, ಸರಪಳಿ, ಪ್ರತಿಭಾರಗಳ ಚಿತ್ರದೊಂದಿಗೆ, ಮೂರು ತಿಂಗಳೊಳಗೆ ಜಿಲ್ಲೆಯ ಶಾಲೆಗಳಿಗೆ ಹೋಗಿದ್ದರೆ ಅದೇ ಪ್ರಸಾರ. ಹಳೆಯ ಪ್ರಚಾರೋಪನ್ಯಾಸದ ಕಿರುಹೊತ್ತಗೆ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಆಕಾರ.

ಹಣದ ಲೆಕ್ಕ, ಅಕ್ಷರದ ಲೆಕ್ಕ

ಇಷ್ಟೆಲ್ಲ ಹೇಳುವಾಗ ಹಣದ ಮಾತನ್ನು ಬಿಡುವಂತಿಲ್ಲ. ಕನ್ನಡ ವಿಶ್ವವಿದ್ಯಾಲಯದ ಅನುದಾನದ ಕೊರತೆ 2020ರ ನಂತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿದೆ. ಖರ್ಚಿನ ಕೊರತೆ ಬಂದಾಗ ಮೊದಲು ಕತ್ತರಿ ಬೀಳುವುದು ಪ್ರಕಟಣೆಗೆ. ಪುಸ್ತಕದ ಅರ್ಥಶಾಸ್ತ್ರ ಸರಳ. ಉದಾಹರಣೆಗೆ ಒಂದು ಪುಸ್ತಕದ ಸಂಪಾದನೆ, ಚಿತ್ರ, ಪುಟವಿನ್ಯಾಸ, ಪ್ಲೇಟು ಇವುಗಳಿಗೆ 60,000 ರೂಪಾಯಿ, ಆಮೇಲೆ ಪ್ರತಿಯೊಂದಕ್ಕೆ ಕಾಗದ, ಅಚ್ಚು, ರಟ್ಟು ಸೇರಿ 50 ರೂಪಾಯಿ ಎಂದು ಇಟ್ಟುಕೊಳ್ಳೋಣ. 300 ಪ್ರತಿ ಹಾಕಿದರೆ ಒಂದರ ವೆಚ್ಚ 250 ರೂಪಾಯಿ, 1000 ಹಾಕಿದರೆ 110, 3000 ಹಾಕಿದರೆ 70. ಹೆಚ್ಚು ಹಾಕಿದರೆ ಅಗ್ಗ ನಿಜ, ಆದರೆ ಮಾರಾಟವಾಗದ ಪ್ರತಿ ಗೋದಾಮಿನಲ್ಲಿ ಗೆದ್ದಲಿಗೆ ಆಹಾರ. ಹೀಗಾಗಿ ಪ್ರಕಾಶಕರು ಸಾರ್ವಜನಿಕ ಗ್ರಂಥಾಲಯಗಳ ಸಗಟು ಖರೀದಿಯತ್ತ ಮುಖಮಾಡಿ ಕೂರುತ್ತಾರೆ. ರಾಜ್ಯೋತ್ಸವದ ರಿಯಾಯಿತಿ ಮಾರಾಟದಲ್ಲಿ ಪುಸ್ತಕ ಕೊಳ್ಳಲು ಜನ ಬರುತ್ತಾರೆ ಎಂಬುದು ಸಂತೋಷದ ಸಂಗತಿ. ಬೇಡಿಕೆಯೇ ಇಲ್ಲ ಎಂಬ ವಾದಕ್ಕೆ ಅದೇ ಉತ್ತರ. ವರ್ಷದ ಉಳಿದ ಹನ್ನೊಂದು ತಿಂಗಳು ಗಂಗಾವತಿಯಲ್ಲಿ, ಕುಷ್ಟಗಿಯಲ್ಲಿ, ಯಲಬುರ್ಗಾದಲ್ಲಿ ಆ ಪುಸ್ತಕ ಎಲ್ಲಿ ಸಿಗುತ್ತದೆ ಎಂಬುದು ಪ್ರಶ್ನೆ.

ಬೇಕಾದಾಗ ಬೇಕಾದಷ್ಟೇ ಪ್ರತಿ ತೆಗೆಯುವ ಡಿಜಿಟಲ್ ಮುದ್ರಣ ಈಗ ಕೈಗೆಟಕುವಂತಿದೆ. ಅದಕ್ಕೂ ಒಂದು ತೊಡಕಿದೆ. ಕಂಪ್ಯೂಟರ್ ಬಂದ ಮೇಲಿನ ಮೊದಲ ಎರಡು ದಶಕಗಳ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚಾಗಿವೆ. ಅಂಥ ಕಡತದಲ್ಲಿ 'ಕ' ಎಂಬುದು ಕಂಪ್ಯೂಟರಿಗೆ 'ಕ' ಅಲ್ಲ, ಯಾವುದೋ ರೋಮನ್ ಅಕ್ಷರಕ್ಕೆ ತೊಡಿಸಿದ ಕನ್ನಡದ ಅಂಗಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ, ಪದ ಹುಡುಕಿದರೆ ಸಿಗುವುದಿಲ್ಲ. ವಿಜ್ಞಾನ ಪುಸ್ತಕದಲ್ಲಿ ಸಮೀಕರಣಗಳನ್ನು ಚಿತ್ರವಾಗಿ ಅಂಟಿಸಿರುವುದೂ ಉಂಟು. ಅಂದರೆ ಪರಿಷ್ಕರಿಸಬೇಕೆಂದು ಮನಸ್ಸು ಮಾಡಿದರೂ ಮೊದಲಿನಿಂದ ಬೆರಳಚ್ಚು ಮಾಡಬೇಕು. ಹಳೆಯ ಕಡತಗಳನ್ನು ಯೂನಿಕೋಡಿಗೆ ತಂದು ಕಾಪಿಡುವುದು ಹೊಸ ಪುಸ್ತಕ ತರುವಷ್ಟೇ ಮುಖ್ಯವಾದ ಕೆಲಸ. ದಾರಿ ಇಲ್ಲದಿಲ್ಲ. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಅದರಿಂದ ಆ ಬರಹಗಳನ್ನು ಅಂತರಜಾಲದಲ್ಲಿ ಹಂಚಲು, ತಿದ್ದಲು, ಬೆಳೆಸಲು ಎಲ್ಲರಿಗೂ ಅವಕಾಶವಾಯಿತು. ಸಾರ್ವಜನಿಕರ ಹಣದಿಂದ ತಯಾರಾದ ಜ್ಞಾನ ಸಾರ್ವಜನಿಕರಿಗೆ ಮರಳಿದ ಒಳ್ಳೆಯ ನಿದರ್ಶನ ಇದು.

ಆಗಬೇಕಾದದ್ದು

ಮೊದಲನೆಯದಾಗಿ, ವಿಜ್ಞಾನಕ್ಕೆ ಒಂದು ಜಂಟಿ ಪ್ರಕಟಣ ಮಂಡಳಿ ಬೇಕು. ಕನ್ನಡ ವಿಶ್ವವಿದ್ಯಾಲಯದ ಭಾಷಾಜ್ಞಾನ, ಕೃಷಿ ಮತ್ತು ಸಾಮಾನ್ಯ ವಿಶ್ವವಿದ್ಯಾಲಯಗಳ ವಿಷಯಜ್ಞಾನ ಒಂದೇ ಮೇಜಿಗೆ ಬರಬೇಕು. 2022–23ರಲ್ಲಿ ರಾಜ್ಯದಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ರೂಪುಗೊಂಡವು, ಅವುಗಳಲ್ಲಿ ಕೊಪ್ಪಳದ್ದೂ ಒಂದು. ಪ್ರತಿಯೊಂದೂ ತನ್ನದೇ ಪ್ರಸಾರಾಂಗದ ಫಲಕ ತೂಗುಹಾಕುವ ಬದಲು ಇರುವ ಅನುಭವವನ್ನು ಹಂಚಿಕೊಂಡರೆ ಹಣವೂ ಉಳಿಯುತ್ತದೆ, ಪದಗಳ ಗೊಂದಲವೂ ಕಡಿಮೆಯಾಗುತ್ತದೆ.

ಎರಡನೆಯದಾಗಿ, ವಿಜ್ಞಾನ ಬಲ್ಲ, ಕನ್ನಡ ಬಲ್ಲ ಪೂರ್ಣಾವಧಿ ಸಂಪಾದಕರು ಬೇಕು. ಹೊಸ ಹುದ್ದೆ ಎಂದರೆ ಹೊಸ ವೆಚ್ಚ, ನಿಜ. ಆದರೆ ವರ್ಷಕ್ಕೆ ಇಪ್ಪತ್ತು ಪುಸ್ತಕ ತರುವ ಬದಲು ಹತ್ತು ತಂದು, ಉಳಿದ ಹಣದಲ್ಲಿ ಆ ಹತ್ತನ್ನು ಸರಿಯಾಗಿ ಪರಿಶೀಲಿಸಿ, ಪದಸೂಚಿ ಹಾಕಿ, ಐದು ವರ್ಷಕ್ಕೊಮ್ಮೆ ಪರಿಷ್ಕರಿಸುವುದು ಲಾಭದ ವ್ಯವಹಾರ. ಪುಸ್ತಕಗಳ ಸಂಖ್ಯೆಯನ್ನೇ ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ಎಣಿಸುವುದನ್ನು ನಿಲ್ಲಿಸಿದರೆ ಇದು ತಾನಾಗಿ ಸಾಧ್ಯವಾಗುತ್ತದೆ. ಕನ್ನಡದಲ್ಲಿ ಬರೆದ, ತಜ್ಞರು ಪರಿಶೀಲಿಸಿದ ವಿಜ್ಞಾನ ಪುಸ್ತಕಕ್ಕೆ ಅಧ್ಯಾಪಕರ ಬಡ್ತಿಯಲ್ಲಿ ಸಂಶೋಧನಾ ಲೇಖನದಷ್ಟೇ ಬೆಲೆ ಸಿಗುವುದೂ ಇದರ ಜೊತೆಗೇ ಆಗಬೇಕು.

ಮೂರನೆಯದಾಗಿ, ಶಿಕ್ಷಕರು ಪ್ರಸಾರಾಂಗದ ಕೊನೆಯ ಗಿರಾಕಿಗಳಾಗಿ ಉಳಿಯದೆ ಮೊದಲ ಓದುಗರಾಗಬೇಕು. ಹಸ್ತಪ್ರತಿಯ ಒಂದು ಅಧ್ಯಾಯವನ್ನು ನಾಲ್ಕು ಶಾಲೆ, ಎರಡು ಕಾಲೇಜುಗಳಲ್ಲಿ ಪಾಠ ಮಾಡಿ ನೋಡಿ, ಎಡವಿದ ಜಾಗಗಳನ್ನು ಗುರುತಿಸಿ ಕಳುಹಿಸುವ ವ್ಯವಸ್ಥೆಗೆ ದೊಡ್ಡ ಹಣ ಬೇಕಿಲ್ಲ. ಪ್ರಚಾರೋಪನ್ಯಾಸದ ಕಾಲದಲ್ಲಿ ಲೇಖಕನಿಗೆ ಕೇಳುಗರಿಂದ ಸಿಗುತ್ತಿದ್ದ ನೆರವು ಹೀಗೆ ಮರಳಿ ಸಿಗುತ್ತದೆ. ನಮ್ಮ ಓದುಗರಲ್ಲಿ ಹೆಚ್ಚಿನವರು ಶಿಕ್ಷಕರೇ ಆಗಿರುವುದರಿಂದ ಈ ಕೆಲಸಕ್ಕೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಯಾವ ಪುಸ್ತಕದಲ್ಲಿ ಯಾವ ಪುಟ ಹಳೆಯದಾಗಿದೆ, ಯಾವ ಪದ ಮಕ್ಕಳಿಗೆ ತೊಡಕಾಗಿದೆ ಎಂದು ಆಯಾ ಪ್ರಸಾರಾಂಗಕ್ಕೆ ಒಂದು ಕಾರ್ಡು ಬರೆದರೂ ಅದು ಪರಿಷ್ಕೃತ ಆವೃತ್ತಿಯ ಆರಂಭ.

ಸಾವಿರ ಪುಸ್ತಕ ಅಚ್ಚುಹಾಕುವ ಶಕ್ತಿ ತನಗಿದೆ ಎಂಬುದನ್ನು ವಿದ್ಯಾರಣ್ಯದ ಪ್ರಸಾರಾಂಗ ತೋರಿಸಿಕೊಟ್ಟಿದೆ. ಇನ್ನು ಅಳೆಯಬೇಕಾದದ್ದು ದೂರವನ್ನು. ಹೊಳೆಯ ಈಚೆ ದಡದ ಒಂದು ಶಾಲೆಯ ಕಪಾಟಿನಲ್ಲಿ, ಆ ಊರಿನ ಬಂಡೆ, ಮಣ್ಣು, ನೀರನ್ನು ವಿವರಿಸುವ, ಈ ವರ್ಷ ತಿದ್ದಿದ ಒಂದು ಕನ್ನಡ ಪುಸ್ತಕ ಸಿಕ್ಕ ದಿನ ಪ್ರಸಾರಾಂಗ ಎಂಬ ಹೆಸರು ಸಾರ್ಥಕ.